ಏಕಾದಶಿಯ ಡೇರೆ

ನಮ್ಮ ಮೈಲಾಪುರದ ಮನೆಯ ಅಟ್ಟದ ಮೇಲೆ ಒಂದು ಡೇರೆ ಏಳು ವರ್ಷ ಬಿಚ್ಚದೆ ಬಿದ್ದಿತ್ತು. ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಮಾರಿದ ಸಾಮಾನು ಮೂರ್ ಮಾರ್ಕೆಟ್ಟಿನಲ್ಲಿ ರಾಶಿ ಬಿದ್ದಿದ್ದ ಕಾಲ. ಹಳೆಯ ಪುಸ್ತಕ ನೋಡಲು ಹೋದ ಅಪ್ಪ ಹಸಿರು ಕ್ಯಾನ್ವಾಸಿನ ಒಂದು ಗಂಟನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಇಬ್ಬರು ಮಲಗಬಹುದಾದ ಡೇರೆ, ಎರಡು ಮರದ ಕಂಬ, ಹನ್ನೆರಡು ಗೂಟ.

ಅಪ್ಪ ರೈಲ್ವೆ ಕಚೇರಿಯ ಗುಮಾಸ್ತರಾಗಿದ್ದವರು. ಲೈನಿನ ಮೇಲೆ ಹೋದ ಎಂಜಿನಿಯರುಗಳು ಡೇರೆಯಲ್ಲಿ ಕೂತು ಬರೆದು ಕಳಿಸಿದ ಕಾಗದಗಳನ್ನು ಮೂವತ್ತು ವರ್ಷ ನಕಲು ಮಾಡಿದ್ದರು. ಪ್ರತಿ ಕಾಗದದ ಬಲಮೂಲೆಯಲ್ಲಿ ‘ಮೊಕ್ಕಾಂ’ ಎಂದು ಒಂದು ಊರಿನ ಹೆಸರು. ನೂರಾರು ಊರುಗಳ ಹೆಸರನ್ನು ಅಪ್ಪ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು, ಒಂದರಲ್ಲೂ ಮಲಗಿರಲಿಲ್ಲ. ನಿವೃತ್ತರಾದ ಮೇಲೆ ಒಂದು ರಾತ್ರಿಯಾದರೂ ಬಯಲಿನಲ್ಲಿ ಮೊಕ್ಕಾಂ ಹಾಕಬೇಕು ಎನ್ನುವುದು ಅವರ ಆಸೆ.

ಆಸೆಗೆ ಅಡ್ಡ ಬಂದದ್ದು ಊಟ. ನಮ್ಮದು ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವರ ಮನೆ. ಉಪನಯನವಾದ ದಿನದಿಂದ ಅಪ್ಪ ಹೊರಗೆ ಬೇಯಿಸಿದ ಒಂದು ಅಗುಳು ಮುಟ್ಟಿದವರಲ್ಲ, ಹೋಟೆಲಿನ ಕಾಫಿಯನ್ನೂ ಕುಡಿದವರಲ್ಲ. ಡೇರೆ ಹಾಕಿದರೆ ಅಡಿಗೆ ಎಲ್ಲಿ, ಮಡಿ ನೀರು ಎಲ್ಲಿ, ಯಾರ ಕಣ್ಣು ಬೀಳುತ್ತದೆ? ಪ್ರತಿವರ್ಷ ದೀಪಾವಳಿ ಕಳೆದು ಸೆಕೆ ಇಳಿದ ಮೇಲೆ ಈ ಮಾತು ಏಳುತ್ತಿತ್ತು, ಒಂದು ವಾರ ಓಡಾಡಿ ತಣ್ಣಗಾಗುತ್ತಿತ್ತು. ಅಮ್ಮ ಹಾವು, ಇಬ್ಬನಿ, ಕಳ್ಳರು ಎಂದು ಸೇರಿಸುತ್ತಿದ್ದಳು. ನಾನು ಅಮ್ಮನ ಮಾತಿಗೆ ತಲೆದೂಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ವಿಮೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಇಪ್ಪತ್ತಮೂರರ ಗಂಡಸಿಗೆ ಗೋಡೆ ಇಲ್ಲದ ಕಡೆ ಮಲಗಲು ಹೆದರಿಕೆ ಎಂದು ಯಾವ ಬಾಯಲ್ಲಿ ಹೇಳುವುದು?

ದಾರಿ ತೋರಿಸಿದವನು ನಾನೇ, ಅದೂ ತಮಾಷೆಗೆ. ಒಂದು ಸಂಜೆ ಮತ್ತೆ ಅದೇ ಊಟದ ಚರ್ಚೆ ನಡೆದಿದ್ದಾಗ, “ಏಕಾದಶಿ ದಿನ ಹೋದರಾಯ್ತು ಬಿಡಿ. ಊಟದ ತಂಟೇನೇ ಇಲ್ಲ” ಎಂದೆ. ಅಪ್ಪ ಪೇಪರು ಮಡಚಿ ಕೆಳಗಿಟ್ಟರು. ಏಕಾದಶಿಗೆ ನಮ್ಮಲ್ಲಿ ಅಡಿಗೆಯ ಒಲೆಯೇ ಹಚ್ಚುವುದಿಲ್ಲ. ಮಧ್ಯಾಹ್ನ ಹೊರಟು, ಇರುಳು ಡೇರೆಯಲ್ಲಿ ಕಳೆದು, ದ್ವಾದಶಿ ಬೆಳಿಗ್ಗೆ ಪಾರಣೆಗೆ ಮನೆ ಸೇರಿದರೆ ಎಲ್ಲೂ ಲೋಪವಿಲ್ಲ. ಏಳು ವರ್ಷ ಕಾಡಿದ ಸಮಸ್ಯೆ ಒಂದು ಮಾತಿಗೆ ಕರಗಿತು. “ನಿನ್ನ ತಲೇಲಿ ಇದು ಇಷ್ಟು ದಿನ ಎಲ್ಲಿ ಕೂತಿತ್ತೋ?” ಎಂದು ಅಪ್ಪ ನನ್ನ ಬೆನ್ನು ತಟ್ಟಿದರು. ನಾನು ಏಕಾದಶಿಯ ಹೆಸರು ಅಷ್ಟು ಸಲೀಸಾಗಿ ಎತ್ತಿದ್ದಕ್ಕೆ ಇನ್ನೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದಾಗಿನಿಂದ, ಕಚೇರಿಯಿದ್ದ ಪ್ರತಿ ಏಕಾದಶಿಯೂ ನಾನು ಕಚೇರಿಯ ಕ್ಯಾಂಟೀನಿನಲ್ಲಿ ಇಡ್ಲಿ ತಿಂದು, ತುಟಿ ಒರೆಸಿಕೊಂಡು, ಸಂಜೆ ಬಾಡಿದ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದೆ. ನನಗೆ ಉಪವಾಸ ಎಂದರೆ ಬರೀ ಮುಖಭಾವ.

ಮೊದಲು ತಾರಸಿಯ ಮೇಲೆ ಅಭ್ಯಾಸ ಮಾಡಿದೆವು. ಗಾರೆಯಲ್ಲಿ ಗೂಟ ಇಳಿಯದು, ಹಗ್ಗಗಳನ್ನು ಇಟ್ಟಿಗೆಗೆ ಕಟ್ಟಿದೆವು. ಮೊದಲ ಸಲ ಡೇರೆ ನಮ್ಮಿಬ್ಬರ ಮೇಲೆ ಬಿತ್ತು. ಎರಡನೆಯ ಸಲ ನಿಂತಿತು, ಬಾಗಿಲು ಗೋಡೆಯ ಕಡೆಗೆ ಬಂತು. ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಅಯ್ಯರ್ ಮಾಮಿ, “ಎನ್ನ ರಾಯರ್, ಆತ್ತುಲೆ ಕಲ್ಯಾಣಮಾ? ಪಂದಲ್ ರೊಂಬ ಚಿನ್ನದಾ ಇರುಕ್ಕೇ” ಎಂದರು. ಮನೆಯಲ್ಲಿ ಮದುವೆಯೋ, ಚಪ್ಪರ ಇಷ್ಟು ಚಿಕ್ಕದೇ ಎಂದು. ಅಪ್ಪ ಕ್ಯಾನ್ವಾಸಿನೊಳಗಿಂದ ತಲೆ ಹೊರಹಾಕಿ, ಗಂಡು ತಾವೇ ಎಂದು ತಮಿಳಿನಲ್ಲೇ ಉತ್ತರಿಸಿದರು. ಅಪ್ಪ ಹಾಗೆ ಹುಡುಗಾಟದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಪ್ಪನಿಗೆ ಆಗಲೇ ಸಕ್ಕರೆ ಕಾಯಿಲೆ ಹಿಡಿದು ಎರಡು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಗಾಜಿನ ಪಿಚಕಾರಿ ಕುದಿಸಿ ಅವರ ತೊಡೆಗೆ ಸೂಜಿ ಹಾಕುವುದು ನನ್ನ ಕೆಲಸ. ಕೀಲ್ಪಾಕಿನ ಡಾಕ್ಟರು ಅಮ್ಮನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: ಸೂಜಿ ಹಾಕಿದ ದಿನ ಹೊಟ್ಟೆ ಖಾಲಿ ಬಿಡಬಾರದು, ಮೈ ಬೆವೆತು ಕೈ ನಡುಗಿದರೆ ಆ ಕ್ಷಣವೇ ಬಾಯಿಗೆ ಸಿಹಿ ಹಾಕಬೇಕು, ತಡಮಾಡಿದರೆ ಜೀವಕ್ಕೆ ಅಪಾಯ. ಅದಕ್ಕೇ ಏಕಾದಶಿಯಂದು ಔಷಧಿ ಅರ್ಧ ಮಾಡಿ, ಮಧ್ಯಾಹ್ನ ಹಾಲು ಬಾಳೆಹಣ್ಣು ಕೊಡುವುದು ರೂಢಿಯಾಗಿತ್ತು. ಕಾಯಿಲೆಯವರಿಗೆ ಅಷ್ಟು ಶಾಸ್ತ್ರದಲ್ಲೇ ಉಂಟು ಎಂದು ಆಚಾರ್ಯರೊಬ್ಬರಿಂದ ಹೇಳಿಸಿ ಅಮ್ಮ ಅವರನ್ನು ಒಪ್ಪಿಸಿದ್ದಳು.

ಹೊರಡುವ ದಿನ ಭಾನುವಾರ. ಅಪ್ಪ ಹಾಲಿನ ಲೋಟ ಪಕ್ಕಕ್ಕೆ ಸರಿಸಿದರು. “ಮನೇಲಾದ್ರೆ ಸರಿ. ಬಯಲಿಗೆ ಹೋಗೋ ದಿನಾನೂ ಹಾಲು ಹಣ್ಣು ಅಂದ್ರೆ ಅದು ಪಿಕ್ನಿಕ್ ಆಗತ್ತೆ. ಈವತ್ತು ನಿರ್ಜಲ” ಎಂದರು. ಅಮ್ಮ ಬೇಡಿದಳು, ಬೈದಳು. ನಾನು ಒಂದೇ ಒಂದು ಸಲ “ಬೇಡ ಅಪ್ಪ, ಸೂಜಿ ಹಾಕಿದೆ” ಎಂದೆ. ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಗಂಟು ಹೆಗಲಿಗೇರಿಸಿದೆ.

ಬಾಗಿಲ ಬಳಿ ಅಮ್ಮ ನನ್ನ ಜೇಬಿಗೆ ಏನೋ ತುರುಕಿದಳು. ಬಿಳಿ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿದ ಕಲ್ಲುಸಕ್ಕರೆ, ಹತ್ತೋ ಹನ್ನೆರಡೋ ಹರಳು.

“ಮಡೀಲಿ ಕಟ್ಟಿದೀನಿ. ಕೈ ನಡುಗಿದ್ರೆ ಅವರನ್ನ ಕೇಳ್ತಾ ನಿಲ್ಲಬೇಡ, ಬಾಯಿಗೆ ಹಾಕು. ನಿನ್ನನ್ನ ನಂಬಿ ಕಳಿಸ್ತಿದೀನಿ.”

ಅಡ್ಯಾರಿನವರೆಗೆ ಬಸ್ಸು, ಅಲ್ಲಿಂದ ನಡಿಗೆ. ತಿರುವಾನ್ಮಿಯೂರು ದಾಟಿದರೆ ಆಗ ಊರೇ ಇರಲಿಲ್ಲ. ಮರಳು, ತಾಳೆಮರ, ಕಡಲಿನುದ್ದಕ್ಕೂ ಗಾಳಿಮರದ ತೋಪು. ತೋಪಿನಾಚೆ ಮೀನುಗಾರರ ಕುಪ್ಪ, ಎಂದರೆ ಹತ್ತು ಹನ್ನೆರಡು ಗುಡಿಸಲು. ನಾವು ತಂದದ್ದು ಡೇರೆ, ಎರಡು ಚಾಪೆ, ಎರಡು ಕಂಬಳಿ, ಒಂದು ಲಾಟೀನು, ಸಂಧ್ಯಾವಂದನೆಯ ಪಂಚಪಾತ್ರೆ, ಮನೆಯ ಬಾವಿಯ ನೀರು ತುಂಬಿದ ಒಂದು ತಂಬಿಗೆ. ಅಷ್ಟು ಸಾಕಾಗಿತ್ತು. ಇಷ್ಟು ವರ್ಷ ಯಾವುದಕ್ಕೆ ಅಷ್ಟು ಯೋಚಿಸಿದೆವೋ ಎಂದು ಇಬ್ಬರಿಗೂ ಅನ್ನಿಸಿತು. ಮರಳಿನಲ್ಲಿ ಗೂಟ ಬೆಣ್ಣೆಯಲ್ಲಿ ಇಳಿದಂತೆ ಇಳಿದವು, ಹಾಗೆಯೇ ಎದ್ದೂ ಬಂದವು. ಕಡೆಗೆ ಅಪ್ಪ ಗೂಟಗಳನ್ನು ಮಲಗಿಸಿ ಹೂತು, ಮೇಲೆ ಮರಳು ಗುಡ್ಡೆ ಮಾಡಿದರು. ಯಾವನೋ ಎಂಜಿನಿಯರು ಎಂದೋ ಕಾಗದದಲ್ಲಿ ಬರೆದದ್ದು ಅವರಿಗೆ ನೆನಪಿತ್ತು. ಡೇರೆ ನಿಂತಾಗ ಅವರ ಮುಖ ನೋಡಬೇಕಿತ್ತು.

ನನಗೆ ಹಸಿವಾಗುತ್ತಿತ್ತು. ಭಾನುವಾರ, ಕ್ಯಾಂಟೀನಿಲ್ಲ. ಹಿಂದಿನ ದಿನದ ದಶಮಿಯ ಒಂದೇ ಊಟದ ಮೇಲೆ ನಿಜವಾದ ಉಪವಾಸ ನನಗೆ ಅಭ್ಯಾಸ ತಪ್ಪಿಹೋಗಿತ್ತು. ಗೂಟಕ್ಕೆ ಭಾರವಾಗುವ ಕಲ್ಲು ಹುಡುಕಿ ಬರುತ್ತೇನೆ ಎಂದು ತೋಪಿನೊಳಗೆ ಹೋದೆ. ಜೇಬಿನ ಗಂಟು ತೊಡೆಗೆ ತಾಗುತ್ತಿತ್ತು. ಒಂದು ಹರಳು ತೆಗೆದು ಬಾಯಿಗೆ ಹಾಕಿಕೊಂಡೆ. ಅಪ್ಪ ಚೆನ್ನಾಗಿಯೇ ಇದ್ದಾರೆ, ಇಷ್ಟು ಬೇಕಾಗುವುದಿಲ್ಲ ಎಂದುಕೊಂಡೆ. ಇನ್ನೊಂದು. ಎರಡು ಕಲ್ಲು ತಂದಿಟ್ಟು ಮತ್ತೆ ಹೋದೆ. ಅರ್ಧ ಉಳಿಸಬೇಕು ಎಂದುಕೊಂಡೆ, ಆಮೇಲೆ ನಾಲ್ಕಾದರೂ, ಆಮೇಲೆ ಎರಡು. ಯಾರೂ ನನ್ನನ್ನು ಅವಸರಪಡಿಸುತ್ತಿರಲಿಲ್ಲ. ಒಂದೊಂದನ್ನೂ ಕರಗುವವರೆಗೆ ಬಾಯಲ್ಲಿಟ್ಟುಕೊಂಡೆ. ಕಡೆಯ ಹರಳನ್ನು ಮಾತ್ರ ಕಡಿದೆ, ಆ ಸದ್ದಿಗೆ ನಾನೇ ಬೆಚ್ಚಿ ಹಿಂದೆ ನೋಡಿದೆ. ಖಾಲಿ ಬಟ್ಟೆಯನ್ನು ಹಾಗೇ ಜೇಬಿಗೆ ಸೇರಿಸಿದೆ.

ಹೊತ್ತು ಮುಳುಗುವ ವೇಳೆಗೆ ಅಪ್ಪ ಅರ್ಘ್ಯ ಕೊಡಲು ನೀರಿನಂಚಿಗೆ ಹೋದರು. ನಾನು ಕೊಂಚ ಪಕ್ಕಕ್ಕೆ ನಿಂತಿದ್ದೆ. ಬೊಗಸೆ ಎತ್ತಿದರು, ನೀರು ಬೆರಳ ಸಂದಿಯಿಂದ ಚೆಲ್ಲಿಹೋಯಿತು. ಮತ್ತೆ ತುಂಬಿಕೊಂಡರು, ಮತ್ತೆ ಚೆಲ್ಲಿತು. ಮಂತ್ರದ ನಡುವೆ ಕಚೇರಿಯ ಯಾವುದೋ ಕಾಗದದ ಒಕ್ಕಣೆ ಬಂತು. ನನ್ನತ್ತ ತಿರುಗಿ, ಸತ್ತು ಎಷ್ಟೋ ವರ್ಷವಾಗಿದ್ದ ತಮ್ಮ ಅಣ್ಣನನ್ನು ಕರೆಯುವಂತೆ ನನ್ನನ್ನು ಕರೆದರು. ಅವರ ಎದೆ ಬೆವರಿನಿಂದ ಹೊಳೆಯುತ್ತಿತ್ತು. ಅಷ್ಟರಲ್ಲಿ ಒದ್ದೆ ಮರಳಿನ ಮೇಲೆ ಕುಸಿದರು.

ಮೇಲಕ್ಕೆ ಎಳೆದು ತಂದು ಮಲಗಿಸಿದೆ. ಜೇಬಿನ ಬಟ್ಟೆ ತೆಗೆದು ಅವರ ಬಾಯಿಯ ಮೇಲೆ ಕೊಡವಿದೆ. ಏನೂ ಬೀಳಲಿಲ್ಲ. ಬಟ್ಟೆಯನ್ನೇ ಅವರ ತುಟಿಗೆ ಒತ್ತಿದೆ. ಹಲ್ಲು ಕಚ್ಚಿಕೊಂಡಿದ್ದವು.

ಕುಪ್ಪದ ಕಡೆಗೆ ಓಡಿದೆ. ಮೊದಲ ಗುಡಿಸಲಿನ ಮುಂದೆ ನಲವತ್ತು ದಾಟಿದ ಒಬ್ಬ ಹೆಂಗಸು ಕರುವಾಡು, ಒಣಮೀನು, ಬುಟ್ಟಿಗೆ ತುಂಬುತ್ತಿದ್ದಳು. ನನ್ನ ಮಾತು ಪೂರ್ತಿಯಾಗುವ ಮೊದಲೇ ಒಳಗೆ ಹೋಗಿ, ಕರುಪಟ್ಟಿ ಹಾಕಿ ಕಾಯಿಸಿದ್ದ ಕಾಫಿಯ ಅಲ್ಯೂಮಿನಿಯಂ ಲೋಟವನ್ನೂ ಆ ಕಪ್ಪು ತಾಳೆಬೆಲ್ಲದ ಒಂದು ತುಂಡನ್ನೂ ಹಿಡಿದು ನನಗಿಂತ ಮುಂದೆ ಓಡಿದಳು. ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆಲ್ಲವನ್ನು ಬೆರಳಲ್ಲಿ ಅರೆದು ಒಸಡಿಗೆ, ನಾಲಿಗೆಗೆ ಸವರಿದಳು. ನುಂಗುವುದು ಬಂದ ಮೇಲೆ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು. “ಪಟ್ಟಿನಿಯಾ?” ಎಂದು ಒಂದೇ ಮಾತು ಕೇಳಿದಳು, ಉಪವಾಸವೇ ಎಂದು. ತಲೆಯಾಡಿಸಿದೆ. “ವಯಸಾನ ಮನುಷನೈ ಇಪ್ಪಡಿಯಾ ಕೂಟ್ಟಿಟು ವರುವೆ?” ಎಂದಳು. ವಯಸ್ಸಾದವರನ್ನು ಹೀಗಾ ಕರಕೊಂಡು ಬರುವುದು? ಅವಳ ಕೈಯ ಮೀನಿನ ವಾಸನೆ, ಬೆಲ್ಲದ ಜೊಲ್ಲು ಅಪ್ಪನ ಮುದ್ರೆ ಹಾಕಿದ ಎದೆಯ ಮೇಲೆ ಇಳಿಯುತ್ತಿದ್ದದ್ದು, ಇವು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕಾಲು ಗಂಟೆಯಲ್ಲಿ ಅಪ್ಪನ ರೆಪ್ಪೆ ಅಲುಗಿತು. ಜೀವ ಉಳಿಯಿತು ಎಂದು ತಿಳಿದ ಆ ಗಳಿಗೆಯಲ್ಲಿ ನಾನು ಅವಳ ಕಾಲಿಗೆ ಬೀಳಬೇಕಿತ್ತು. ನಾನು ಮಾಡಿದ್ದು, ಕೈ ಬೀಸಿ ಹೋಗು ಹೋಗು ಎಂದು ಸನ್ನೆ. ಅವಳಿಗೆ ಅರ್ಥವಾಯಿತು. ಅಪ್ಪನ ತಲೆಯನ್ನು ನನ್ನ ತೊಡೆಗೆ ಜಾರಿಸಿ, ಲೋಟ ಎತ್ತಿಕೊಂಡು, ತೋಪಿನ ಹಿಂದೆ ಮರೆಯಾದಳು.

“ಏನೋ ಹಾಕಿದೆ ಬಾಯಿಗೆ?” ಎಂದರು ಅಪ್ಪ. ದನಿ ಎಲ್ಲೋ ದೂರದಿಂದ ಬಂದಂತಿತ್ತು.

“ಕಲ್ಲುಸಕ್ಕರೆ ಅಪ್ಪ. ಅಮ್ಮ ಕೊಟ್ಟಿದ್ದು.”

“ಮಡೀಲಿ ಕಟ್ಟಿದ್ದಾ?”

“ಹೂಂ.”

“ಹಾಗಾದ್ರೆ ಔಷಧ. ದೋಷ ಇಲ್ಲ” ಎಂದು ಕಣ್ಣು ಮುಚ್ಚಿದರು.

ಅವರು ನೊಂದುಕೊಳ್ಳಬಾರದು ಎಂದು ಸುಳ್ಳು ಹೇಳಿದೆ ಎಂದು ಬರೆದುಬಿಡಬಹುದು. ಬಹಳ ವರ್ಷ ನಾನೇ ಹಾಗೆ ನಂಬಲು ನೋಡಿದೆ. ಅದು ನಿಜವಲ್ಲ. ಬೆಲ್ಲದ ಕಥೆ ಹೇಳಿದರೆ ಸಕ್ಕರೆಯ ಕಥೆ ಹೇಳಬೇಕಾಗುತ್ತಿತ್ತು. ಆ ಖಾಲಿ ಬಟ್ಟೆಯನ್ನು ಮುಚ್ಚಿಡಲು ಸುಳ್ಳು ಹೇಳಿದೆ. ಆ ಇರುಳು ಡೇರೆಯಲ್ಲೇ ಕಳೆದು, ಬೆಳಿಗ್ಗೆ ಅದನ್ನು ಕಡಲಿಗೆ ಎಸೆದೆ. ಅಮ್ಮ ಬಟ್ಟೆ ಎಲ್ಲಿ ಎಂದು ಕೇಳಲೂ ಇಲ್ಲ, ನನ್ನ ತಲೆ ಸವರಿ ಅತ್ತಳು. ಮಗ ಗಾಬರಿಯಾಗದೆ ಜೀವ ಉಳಿಸಿದ ಎಂದು ಅಪ್ಪ ಬಂದುಹೋದ ನೆಂಟರಿಗೆಲ್ಲ ಹೇಳಿದರು. ಅಯ್ಯರ್ ಮಾಮಿ ನನಗೆಂದೇ ಪಾಯಸ ಕಳಿಸಿದರು. ಅದನ್ನೂ ಕುಡಿದೆ.

ಇನ್ನು ಡೇರೆಯ ಸುದ್ದಿ ಮುಗಿಯಿತು ಎಂದುಕೊಂಡಿದ್ದೆ. ಆದದ್ದು ಬೇರೆ. ಅಪ್ಪನ ಹಿಂಜರಿಕೆಯೆಲ್ಲ ಹೋಗಿಬಿಟ್ಟಿತು. ಆಗಬಹುದಾದ ಕೆಟ್ಟದ್ದು ಆಗಿಹೋಯಿತು, ಮಗ ಜೊತೆಗಿದ್ದ, ಇನ್ನೇನು ಭಯ ಎನ್ನುವ ಲೆಕ್ಕ ಅವರದು. ಹಾಲು ಹಣ್ಣು ತೆಗೆದುಕೊಳ್ಳುತ್ತೇನೆ ಎಂದು ಅಮ್ಮನಿಗೆ ಮಾತುಕೊಟ್ಟು, ಚಳಿಗಾಲದ ಏಕಾದಶಿಗಳಲ್ಲಿ ಮತ್ತೆ ಮತ್ತೆ ಹೊರಟರು. ಜಾಗ ಅದೇ ಬೇಕು. ತಮಗೆ ಮರುಹುಟ್ಟು ಸಿಕ್ಕಿದ ಜಾಗವಂತೆ.

ಎರಡನೆಯ ಸಲ ಹೋದಾಗ ಅವಳು ಬಂದಳು. ನಾವು ಹಗ್ಗ ಬಿಗಿಯುತ್ತಿದ್ದೆವು. ತೋಪಿನಿಂದ ನಗುತ್ತ ಬಂದು, “ಅಯ್ಯಾ, ಒಡಂಬು ಇಪ್ಪೊ ಎಪ್ಪಡಿ?” ಎಂದು ಅಪ್ಪನ ಆರೋಗ್ಯ ಕೇಳಿದಳು. ಅಪ್ಪ ನನ್ನ ಕಡೆ ನೋಡಿದರು.

“ಯಾರೋ ಇವಳು? ನಿಂಗೆ ಗೊತ್ತಾ?”

“ಇಲ್ಲಪ್ಪ. ಯಾರೋ ಮೀನಿನವಳು.”

ನಮ್ಮ ಕನ್ನಡ ಅವಳಿಗೆ ತಿಳಿಯದು ಎಂದುಕೊಂಡಿದ್ದೆ. ನನ್ನ ಮುಖ ಅವಳಿಗೆ ತಿಳಿಯಿತು. ನಗು ಆರಿತು. ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಅಪ್ಪನಿಗೆ, ಬೇರೆ ಯಾರೋ ಎಂದುಕೊಂಡೆ ಅಯ್ಯಾ, ಗುರುತು ತಪ್ಪಾಯಿತು ಎಂದಳು. ನನ್ನ ಸುಳ್ಳಿಗೆ ತಾನೂ ಒಂದು ಸುಳ್ಳಿನ ಆಸರೆ ಕೊಟ್ಟಳು. ಅಪ್ಪ ಕೆಟ್ಟವರಲ್ಲ, ಅವರ ಕಾಲದವರು. ಮೃದುವಾಗಿಯೇ, ತಾವು ವ್ರತದಲ್ಲಿ ಇರುವುದಾಗಿಯೂ ಕೊಂಚ ದೂರ ನಿಲ್ಲಬೇಕೆಂದೂ ತಮಿಳಿನಲ್ಲಿ ಹೇಳಿದರು. ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವಳು ಮೂರು ಹೆಜ್ಜೆ ಹಿಂದೆ ಸರಿದು ನಿಂತಳು. ಆಮೇಲೆ ತಿರುಗಿ ಹೋದಳು. “ಪಾಪ, ಮರ್ಯಾದಸ್ಥೆ” ಎಂದರು ಅಪ್ಪ.

ಮುಂದೆ ಐದಾರು ವರ್ಷ ಹೋದೆವು. ಅವಳು ಮತ್ತೆ ಹತ್ತಿರ ಬರಲಿಲ್ಲ. ದೂರದಲ್ಲಿ ಬುಟ್ಟಿ ಹೊತ್ತು ಹೋಗುವುದು ಕಾಣುತ್ತಿತ್ತು. ಪ್ರತಿ ಸಲವೂ ನಾನು ಹಗ್ಗ ಬಿಗಿಯುವ ನೆಪದಲ್ಲಿ ಬಗ್ಗುತ್ತಿದ್ದೆ. ಬಯಲಿನ ಹೆದರಿಕೆ ನನಗೆ ಹೋಗಿತ್ತು. ಹಾವು, ಇರುಳು, ಅಲೆಯ ಸದ್ದು ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ಹೆದರುತ್ತಿದ್ದದ್ದು ಆ ಒಬ್ಬಳಿಗೆ.

ಅರವತ್ತರ ದಶಕದ ನಡುವಿನಲ್ಲಿ ಅಪ್ಪ ಮೂತ್ರಪಿಂಡ ಕೆಟ್ಟು ಹಾಸಿಗೆ ಹಿಡಿದರು. ನೋಡಲು ಬಂದ ಮಠದ ಆಚಾರ್ಯರಿಗೆ, ಬುದ್ಧಿ ಬಂದ ಮೇಲೆ ಒಂದು ಏಕಾದಶಿಯನ್ನೂ ಕೆಡಿಸಿಲ್ಲ, ಹೊರಗಿನದನ್ನು ಒಂದು ತೊಟ್ಟೂ ಮುಟ್ಟಿಲ್ಲ ಎಂದು ಉಸಿರು ಹಿಡಿದು ಹೇಳಿದರು. “ಇವನೇ ಸಾಕ್ಷಿ” ಎಂದು ನನ್ನ ಕೈ ಹಿಡಿದರು. ಆಚಾರ್ಯರು ನನ್ನ ಕಡೆ ನೋಡಿದರು. ನಾನು ಹೌದು ಎಂದೆ. ನಾಲ್ಕು ದಿನದ ಮೇಲೆ ಅಪ್ಪ ತೀರಿಕೊಂಡರು.

ವರ್ಷಾಂತಿಕ ಮುಗಿಸಿದ ಮೇಲೆ, ಒಬ್ಬನೇ, ಡೇರೆ ಹೊತ್ತು ಕುಪ್ಪಕ್ಕೆ ಹೋದೆ. ಅವಳು ಮುದುಕಿಯಾಗುತ್ತಿದ್ದಳು, ಅದೇ ಗುಡಿಸಲು. ಗುರುತು ಹಿಡಿದಳು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ: ಕಲ್ಲುಸಕ್ಕರೆ ತಿಂದದ್ದು, ಅವಳನ್ನು ಓಡಿಸಿದ್ದು, ಗೊತ್ತಿಲ್ಲ ಎಂದದ್ದು. ಬೈಯಲಿ ಎಂದು ಕಾದೆ. ಹಸಿವಿಗೆ ತಿಂದಿದ್ದೀ ಎಂದಳು, ಅದೇನು ದೊಡ್ಡದಲ್ಲವೆಂಬಂತೆ. ತನ್ನ ವಿಷಯ ಅವಳು ಎತ್ತಲೇ ಇಲ್ಲ.

“ಅವರುಕಿಟ್ಟೆ ಸೊನ್ನಿಯಾ?” ಎಂದು ಕೇಳಿದಳು. ಅವರಿಗೆ ಹೇಳಿದೆಯಾ?

ಅವರು ಸತ್ತು ವರ್ಷವಾಯಿತು ಎಂದೆ.

“ಸೆತ್ತಾ ಎನ್ನ? ಸೊಲ್ಲು.”

ಸತ್ತರೇನು, ಹೇಳು. ಅಷ್ಟು ಹೇಳಿ ಅವಳು ತನ್ನ ಕೆಲಸಕ್ಕೆ ಎದ್ದಳು.

ಅದೇ ಜಾಗದಲ್ಲಿ ಡೇರೆ ಹಾಕಿದೆ. ಒಬ್ಬನಿಗೇ ಹಾಕುವುದು ಅಷ್ಟು ಸುಲಭವೆಂದು ಗೊತ್ತಿರಲಿಲ್ಲ. ಚಾಪೆ ಎರಡು ಹಾಸಿದ್ದು ಆಮೇಲೆ ಗಮನಕ್ಕೆ ಬಂತು. ಬೆಳಕು ಇಳಿಯುವವರೆಗೆ ಒಳಗೆ ಕೂತು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿದೆ. ಅಪ್ಪ, ಅದು ಕಲ್ಲುಸಕ್ಕರೆಯಲ್ಲ. ಮೂರೇ ಮಾತು.

ಸಂಜೆಯ ಅರ್ಘ್ಯದ ಹೊತ್ತಿಗೆ ನೀರಿನ ಕಡೆಯಿಂದ ಹೆಜ್ಜೆ ಬಂದವು. ಅಪ್ಪ ಬದುಕಿದ್ದಾಗ ಒಳಗೆ ಬರುವ ಮೊದಲು ನಿಂತು, ಪಂಚೆಯ ತುದಿಯಿಂದ ಕಾಲಿನ ಮರಳು ಕೊಡವುತ್ತಿದ್ದರು. ಅದೇ ಸದ್ದು ಬಂತು. ಗಾಳಿಮರದ ಉದುರಿದ ಎಳೆಗಳು ಕ್ಯಾನ್ವಾಸಿಗೆ ಉಜ್ಜಿದ್ದಿರಬಹುದು. ಎದ್ದು ನೋಡುವ ಧೈರ್ಯವಾಗಲಿಲ್ಲ. ಡೇರೆಯ ಬಟ್ಟೆಯಾಚೆಯಿಂದ ಅದೇ ಕ್ಷೀಣ ದನಿ, ನನ್ನ ತಲೆಯೊಳಗಿಂದಲೋ ಹೊರಗಿನಿಂದಲೋ, ಕೇಳಿತು: ಏನೋ ಹಾಕಿದೆ ಬಾಯಿಗೆ?

ಬಾಯಿ ತೆರೆದೆ. ಇಷ್ಟು ವರ್ಷ ಸುಳ್ಳಿಗೆ ರೂಢಿಯಾದ ನಾಲಿಗೆ ನನ್ನನ್ನು ಕೇಳಲಿಲ್ಲ.

“ಕಲ್ಲುಸಕ್ಕರೆ ಅಪ್ಪ” ಎಂದು ಗಟ್ಟಿಯಾಗಿಯೇ ಹೇಳಿದೆ.

ಹೊರಗೆ ಹೆಜ್ಜೆಗಳು, ನೆಮ್ಮದಿಯಾದವರ ನಿಧಾನದ ಹೆಜ್ಜೆಗಳು, ನೀರಿನ ಕಡೆಗೆ ಹಿಂತಿರುಗಿದವು.